ಬೆಳಗಾದರೆ ಸರಿಯಾಗುವ ಬ್ರೇಕು

ಹಸಿ ಶುಂಠಿಯ ಘಾಟಿನಲ್ಲಿ ಬ್ರೇಕ್ ಲೈನರ್ ಸುಡುವ ವಾಸನೆ ನನಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಿತ್ತು. ಏಳು ವರ್ಷದಿಂದ ಅದೇ ಗಾಡಿ ಓಡಿಸುತ್ತಿದ್ದವನು ನಾನು.

2020ರ ಜನವರಿ. ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕಡೆ ನನ್ನ ಹೆಂಡತಿಯ ತವರು. ಅಲ್ಲಿ ನನ್ನ ಭಾವಮೈದ ಶುಂಠಿ ಕೀಳಿಸುತ್ತಿದ್ದ. 60 ಕೆ.ಜಿ.ಯ 20 ಚೀಲ, ಅಂದರೆ 12 ಕ್ವಿಂಟಾಲ್. ಅಷ್ಟನ್ನು ಶಿಕಾರಿಪುರದ ವ್ಯಾಪಾರಿಗೆ ಮುಟ್ಟಿಸಬೇಕಿತ್ತು. ಚಂದ್ರಗುತ್ತಿಯಿಂದ ಸೊರಬ, ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ. ಎಲ್ಲ ಸೇರಿ 50 ಕಿಲೋಮೀಟರಿಗೆ ಮೇಲೆ. ನಮ್ಮ ಊರು ಶಿರಾಳಕೊಪ್ಪ ದಾಟಿದ ಮೇಲೆ ಅದೇ ರಸ್ತೆಯಲ್ಲಿ ಸಿಗುತ್ತದೆ. ನಾನು ಮತ್ತು ನನ್ನ ತಮ್ಮ ಇಬ್ಬರೇ ಹೋಗಿದ್ದೆವು. ಗಾಡಿ 2006ರ ಮಾಡೆಲ್ ಪಿಕಪ್, ಕೆಎ-15 ನಂಬರಿನದು. 2013ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ.

ಲೋಡು ಮಾಡಿ, ಹಗ್ಗ ಬಿಗಿದು, ಕಾಫಿ ಕುಡಿದು ಹೊರಟಾಗ ಸಂಜೆ ಐದೂವರೆ. ಗುಡ್ಡದ ನೆರಳು ಗದ್ದೆಯ ಮೇಲೆ ಬಿದ್ದಿತ್ತು. ನಾಲ್ಕೈದು ಕಿಲೋಮೀಟರ್ ಬಂದಿರಬೇಕು, ತಮ್ಮ ಹೇಳಿದ: "ಅಣ್ಣಾ, ಗಾಡಿ ಯಾಕೋ ಎಳೀತಾ ಇಲ್ಲ." ನಾನು ಲೋಡು ಇದೆಯಲ್ಲ ಅಂದೆ. ನಾಲ್ಕನೇ ಗೇರಿನಲ್ಲಿ ಬರಬೇಕಾದ ಕಡೆ ಮೂರನೇ ಗೇರೂ ಒದ್ದಾಡುತ್ತಿತ್ತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಯಾರೋ ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದ ಹಾಗೆ ಗಾಡಿ ನಿಧಾನವಾಗುತ್ತಿತ್ತು. ಅದನ್ನೂ ನಾನು ಲೋಡಿನ ಲೆಕ್ಕಕ್ಕೇ ಹಾಕಿದೆ.

ಆಮೇಲೆ ಒಂದು ಇಳಿಜಾರು. ಬಹಳ ಕಡಿದಾದದ್ದಲ್ಲ, ಖಾಲಿ ಗಾಡಿಯಲ್ಲಿ ಹೋಗುವವರು ಅದನ್ನು ಇಳಿಜಾರು ಅಂತಲೂ ಎಣಿಸುವುದಿಲ್ಲ. ಕೆಳಗೆ ನಾಲ್ಕು ಮನೆ, ಒಂದು ಮೋರಿ. ಮೇಯಲು ಹೋದ ದನ ಮನೆಗೆ ಮರಳುವ ಹೊತ್ತು. ಹತ್ತಿಪ್ಪತ್ತು ದನ ಬಲಗಡೆಯಿಂದ ಎಡಕ್ಕೆ ರಸ್ತೆ ದಾಟುತ್ತಿದ್ದವು. ಹಿಂದೆ ಹತ್ತು-ಹನ್ನೊಂದು ವರ್ಷದ ಒಬ್ಬ ಹುಡುಗ, ಕೈಯಲ್ಲಿ ಕೋಲು.

ಬ್ರೇಕ್ ಒತ್ತಿದೆ. ಪೆಡಲ್ ಸಲೀಸಾಗಿ ಕೆಳಗೆ ಹೋಯಿತು. ಕೆಸರಿನಲ್ಲಿ ಕಾಲಿಟ್ಟಂತೆ, ಎಲ್ಲೂ ಗಟ್ಟಿ ಸಿಗಲಿಲ್ಲ. ಬಿಟ್ಟು ಮತ್ತೆ ಒತ್ತಿದೆ. ಮೂರನೇ ಸಲಕ್ಕೆ ತಳದ ಹತ್ತಿರ ಎಲ್ಲೋ ಸ್ವಲ್ಪ ಹಿಡಿತ ಸಿಕ್ಕಿತು, ಆದರೆ 12 ಕ್ವಿಂಟಾಲ್ ಹಿಂದಿನಿಂದ ನೂಕುತ್ತಿತ್ತು. ತಮ್ಮ ಹ್ಯಾಂಡ್ ಬ್ರೇಕ್ ಎಳೆದ. ಏನೂ ಆಗಲಿಲ್ಲ. ಎರಡನೇ ಗೇರಿಗೆ ಹಾಕಿದೆ, ಎಂಜಿನ್ ಕಿರುಚಿಕೊಂಡಿತು. ಎಡಗಡೆ ಚರಂಡಿ ಬಗೆದು ಹಾಕಿದ ಮಣ್ಣಿನ ದಿಬ್ಬವಿತ್ತು. ಎಡಗಾಲಿಯನ್ನು ಅದಕ್ಕೆ ಹತ್ತಿಸಿದೆ. ಗಾಡಿ ಒಂದು ಮಗ್ಗುಲಿಗೆ ವಾಲಿ, ಮಣ್ಣು ಉಜ್ಜಿಕೊಂಡು ಹೋಗಿ ನಿಂತಿತು. ಕೊನೆಯ ಆಕಳಿಗೂ ನಮ್ಮ ಬಂಪರಿಗೂ ಎರಡು ಮಾರು ಇತ್ತು.

ಆ ಹುಡುಗ ಓಡಿರಲಿಲ್ಲ. ಗಾಡಿ ಬರುತ್ತಿದ್ದದ್ದನ್ನು ಅವನು ನೋಡಿದ್ದ. ನೋಡಿಯೂ ಆ ಆಕಳ ಹಿಂದೆಯೇ ನಿಂತು, ಅದು ಬೇಗ ದಾಟಲಿ ಎಂದು ಕೋಲಿನಿಂದ ಅದರ ಬೆನ್ನಿಗೆ ಹೊಡೆಯುತ್ತಿದ್ದ. ಈ ಒಂದು ಚಿತ್ರದಿಂದ ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ.

ಇಳಿದು ನೋಡಿದರೆ ಹಿಂದಿನ ಎರಡೂ ಗಾಲಿಯಿಂದ ಹೊಗೆ. ಡ್ರಮ್ಮಿನ ಹತ್ತಿರ ಮುಖ ಒಯ್ದರೆ ಕಾವಲಿಯ ಮುಂದೆ ನಿಂತ ಹಾಗೆ ಝಳ. ತಮ್ಮ ಕ್ಯಾನಿನಲ್ಲಿದ್ದ ನೀರು ತಂದ. ಮನೆಯೊಳಗಿಂದ ಬಂದ ಒಬ್ಬ ಅಜ್ಜ ಅವನ ಕೈ ಹಿಡಿದು ನಿಲ್ಲಿಸಿದರು: "ನೀರು ಹಾಕಬ್ಯಾಡ್ರೋ, ಡ್ರಮ್ಮು ಸೀಳಿ ಹೋಗ್ತದೆ." ಹೌದು, ಕೆಂಪಗೆ ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಸುಮ್ಮನೆ ಕುಳಿತೆವು. ಎರಡು ಗಂಟೆ. ಅಜ್ಜ ಬೈಯಲಿಲ್ಲ, ಹುಡುಗನ ಅಮ್ಮ ಮಜ್ಜಿಗೆ ತಂದುಕೊಟ್ಟಳು. ಅದನ್ನು ಕುಡಿಯುವಾಗ ನನ್ನ ಕೈ ನಡುಗುತ್ತಿತ್ತು.

ಗಾಡಿ ತಣ್ಣಗಾದ ಮೇಲೆ ಪೆಡಲ್ ಒತ್ತಿದರೆ ಕಲ್ಲಿನಂತೆ ಗಟ್ಟಿ. ಏನೂ ಆಗಿಯೇ ಇಲ್ಲವೇನೋ ಅನ್ನುವ ಹಾಗೆ. ಇಪ್ಪತ್ತರ ವೇಗದಲ್ಲಿ, ಎರಡನೇ ಗೇರು ಬಿಡದೆ, ಮಧ್ಯೆ ಮಧ್ಯೆ ನಿಲ್ಲಿಸಿ ತಣಿಸಿಕೊಂಡು ಊರು ಸೇರಿದಾಗ ರಾತ್ರಿ ಹನ್ನೊಂದು ದಾಟಿತ್ತು.

ಬ್ರೇಕ್ ಸಿಕ್ಕದೆ ಹೋದದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಬಹಳ ದಿನದ ಮೇಲೆ. ಹಿಂದಿನ ಶೂಗಳು ಡ್ರಮ್ಮಿಗೆ ಉಜ್ಜಿಕೊಂಡೇ ಇದ್ದವು. ಆ ಕಾವು ವೀಲ್ ಸಿಲಿಂಡರಿನ ಒಳಗಿದ್ದ ಬ್ರೇಕ್ ಆಯಿಲಿಗೆ ಏರಿತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ಡಾಟ್ 3 ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ನೂರಕ್ಕೆ ಮೂರು-ನಾಲ್ಕು ಪಾಲು ನೀರು ಸೇರಿಕೊಂಡರೆ 140ಕ್ಕೇ ಕುದಿಯಬಹುದು. ಕುದಿದರೆ ಆವಿಯ ಗುಳ್ಳೆ. ಆಯಿಲನ್ನು ಒತ್ತಿದರೆ ಒತ್ತಡ ಗಾಲಿಗೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಆವಿ ಕುಗ್ಗುತ್ತದೆ ಅಷ್ಟೇ. ಪೆಡಲ್ ಕೆಳಗೆ ಹೋಗುವುದು ಹಾಗೆ. ಮುಂದಿನ ಗಾಲಿಗಳಿಗೆ ಬೇರೆ ಸಾಲು ಇರುವುದರಿಂದ, ಮೂರನೇ ಸಲಕ್ಕೆ ಅದು ತಳದಲ್ಲಿ ಹಿಡಿಯಿತು. ಆ ಹುಡುಗನನ್ನು ಉಳಿಸಿದ್ದು ಆ ಸಾಲು ಮತ್ತು ಚರಂಡಿಯ ಮಣ್ಣು. ನಾನು ಏಳು ವರ್ಷದಲ್ಲಿ ಒಂದು ಸಲವೂ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿರಲಿಲ್ಲ. ಡಬ್ಬಿಯಲ್ಲಿ ಕಡಿಮೆಯಾದರೆ ಮೇಲಿನಿಂದ ಸುರಿಯುತ್ತಿದ್ದೆ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಸಂಜೆಗೆ ಮೂರು ವಾರ ಮೊದಲು ಇದೇ ಗಾಡಿಯ ಹಿಂಬದಿಯಲ್ಲಿ 14 ಜನ ಹೆಂಗಸರನ್ನು ಶುಂಠಿ ಕೀಳಲು ಕರೆದುಕೊಂಡು ಹೋಗಿದ್ದೆ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನಲ್ಲಿ ಇದು ದಿನಾ ಕಾಣುವ ನೋಟ. ಕೂಲಿಗೆ, ಮದುವೆಗೆ, ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ, ಜೋಳದ ಚೀಲ ಹೊತ್ತ ಗಾಡಿಯಲ್ಲೇ ಜನವೂ ಹೋಗುತ್ತಾರೆ. ಸರಕಿನ ಗಾಡಿಯಲ್ಲಿ ಜನ ಕೂರಿಸುವುದು ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆ ರಾತ್ರಿ ಮನೆಗೆ ಬಂದು ಮಲಗಿದಾಗ ನನಗೆ ಚೀಲಗಳು ಕಾಣಲಿಲ್ಲ, ಆ ಹದಿನಾಲ್ಕು ಜನರ ಮುಖ ಕಂಡಿತು. ಆಮೇಲೆ ನಾನು ಹಿಂಬದಿಗೆ ಒಬ್ಬರನ್ನೂ ಹತ್ತಿಸಿಲ್ಲ. ಬೇಸರ ಮಾಡಿಕೊಂಡವರಿದ್ದಾರೆ.

ಮಾರನೇ ದಿನವೇ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟೆ. ಯಾವ ಗ್ಯಾರೇಜು ಅನ್ನುವುದು ಬೇಡ, ಅವರು ಮೋಸ ಮಾಡಲಿಲ್ಲ. ಡ್ರಮ್ ಬಿಚ್ಚಿದರು. ಲೈನರ್ ಹೊಳಪೇರಿ ಗಾಜಿನಂತಾಗಿತ್ತು, ಅಲ್ಲಲ್ಲಿ ಸೀಳಿತ್ತು. ಲೈನರ್ ಹೋಗಿದೆ ಅಂದರು. ಕಣ್ಣಿಗೆ ಕಾಣುವ ಸಂಗತಿ, ನಾನೂ ಒಪ್ಪಿದೆ. ಹೊಸ ಲೈನರ್ ಹಾಕಿ, ಡ್ರಮ್ಮನ್ನು ಲೇತಿನಲ್ಲಿ ಒಂದು ಕಟ್ ಹೊಡೆಸಿ ಕೊಟ್ಟರು. ಡ್ರಮ್ ಒಳಗಿನ ಕಪ್ಪು ಪುಡಿಯನ್ನು ಗಾಳಿಯ ಪೈಪ್ ಹಿಡಿದು ಊದಿದರು. ತಮ್ಮ ಅಲ್ಲೇ ಬಗ್ಗಿ ನೋಡುತ್ತಿದ್ದ, ಎರಡು ದಿನ ಕೆಮ್ಮಿದ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು. ಆ ಪುಡಿ ಎದೆಗೆ ಹೋದರೆ ಹೊರಗೆ ಬರುವುದಿಲ್ಲ. ರೋಗ ಕಾಣಿಸಿಕೊಳ್ಳುವುದು ಹತ್ತಾರು ವರ್ಷದ ಮೇಲೆ. ಗಾಳಿ ಹೊಡೆಯುವ ಬದಲು ನೀರು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹದಿನಾರು-ಹದಿನೇಳರ ಹುಡುಗರನ್ನು ನೋಡಿದಾಗಲೆಲ್ಲ ನಾನು ಈ ಮಾತು ಹೇಳುತ್ತೇನೆ.

ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ಒಂದು ದಿನ ಶಿಕಾರಿಪುರದಿಂದ ಗೊಬ್ಬರ ತರುವಾಗ ಹುಚ್ಚರಾಯಸ್ವಾಮಿ ದೇವಸ್ಥಾನದ ಹತ್ತಿರ ಸಂತೆಯ ಜನ, ಹತ್ತು ಮಾರಿಗೊಮ್ಮೆ ಬ್ರೇಕ್. ಊರಿನ ಹೊರಗೆ ಬರುವಷ್ಟರಲ್ಲಿ ಅದೇ ಜಗ್ಗು, ಅದೇ ವಾಸನೆ. ಈ ಸಲ ಶುಂಠಿಯ ಘಾಟು ಇರಲಿಲ್ಲ. ಎದೆ ಧಸಕ್ಕೆಂದಿತು. ಅಲ್ಲೇ ನಿಲ್ಲಿಸಿ ಗ್ಯಾರೇಜಿಗೆ ಫೋನ್ ಮಾಡಿದೆ. ಅವರು ಬೆಳಿಗ್ಗೆ ತನ್ನಿ ಅಂದರು. ಬೆಳಿಗ್ಗೆ ಒಯ್ದರೆ ಗಾಲಿ ಎತ್ತಿ ತಿರುಗಿಸಿದರು: ಗಿರಿಗಿಟ್ಟಲೆಯ ಹಾಗೆ ತಿರುಗಿತು. "ಏನೂ ಇಲ್ವಲ್ಲ ಅಣ್ಣಾ, ಸರಿ ಐತೆ."

ಅದೇ ನನ್ನನ್ನು ಮೂರು ತಿಂಗಳು ಸುತ್ತಿಸಿದ್ದು. ರಾತ್ರಿ ಹಿಡಿದುಕೊಂಡ ಬ್ರೇಕು ಬೆಳಗಾಗುವಷ್ಟರಲ್ಲಿ ತಾನೇ ಬಿಟ್ಟುಕೊಳ್ಳುತ್ತಿತ್ತು. ಮೈ ಬಿಸಿಯಾದಾಗ ಮನೆಯಲ್ಲಿದ್ದು, ಜ್ವರ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋಗುವವನ ಪಾಡು ನನ್ನದು.

ಎರಡನೇ ಸಲ ವೀಲ್ ಸಿಲಿಂಡರ್ ಎರಡೂ ಬದಲಾದವು. ಒಳಗಿನ ರಬ್ಬರ್ ಬಟ್ಟಲುಗಳು ಕರಕಲಾಗಿದ್ದವು, ಹಾಗಾಗಿ ಅದೂ ನ್ಯಾಯವಾಗಿಯೇ ಕಂಡಿತು. ಒಂದು ವಾರ. ಮತ್ತೆ ಬಿಸಿ. ಮೂರನೇ ಸಲ ಬೇರೆ ಗ್ಯಾರೇಜಿಗೆ ಹೋದೆ. ಅವರು ಹ್ಯಾಂಡ್ ಬ್ರೇಕ್ ಕೇಬಲ್ ಸಿಕ್ಕಿಕೊಂಡಿರಬೇಕು ಅಂದರು. ಅಂಥದ್ದು ಆಗುವುದುಂಟು; ಕೆಸರು ಸೇರಿ ತುಕ್ಕು ಹಿಡಿದು ಕೇಬಲ್ ಎಳೆದಲ್ಲೇ ನಿಲ್ಲುತ್ತದೆ. ಹೊಸ ಕೇಬಲ್ ಹಾಕಿದರು. ಅದಾದ ಮೇಲೆ ಎಡಗಡೆ ಗಾಲಿಯಿಂದ ಕಪ್ಪು ಎಣ್ಣೆ ಇಳಿಯತೊಡಗಿತು. ಬಿಚ್ಚಿದರೆ ಆಕ್ಸೆಲ್ಲಿನ ಆಯಿಲ್ ಸೀಲ್ ಗಟ್ಟಿಯಾಗಿ ಒಡೆದು, ಹೌಸಿಂಗಿನ ಗೇರ್ ಆಯಿಲ್ ಡ್ರಮ್ ಒಳಗೆ ಬಂದು ಹೊಸ ಲೈನರನ್ನು ನೆನೆಸಿಬಿಟ್ಟಿದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಹಾಗೆ ಮಾಡಬಾರದು. ಮತ್ತೆ ಕಾದಾಗ ಒಳಗಿನ ಎಣ್ಣೆ ಮೇಲೆ ಬರುತ್ತದೆ. ಮತ್ತೊಂದು ಸೆಟ್ ಲೈನರ್, ಆಯಿಲ್ ಸೀಲ್, ಗೇರ್ ಆಯಿಲ್. ಅಷ್ಟು ಹೊತ್ತಿಗೆ ಹನ್ನೊಂದು ಸಾವಿರ ಮೀರಿತ್ತು.

ದುಡ್ಡಿಗಿಂತ ಹೆಚ್ಚಾಗಿ ನನ್ನನ್ನು ತಿಂದದ್ದು ಮನೆಯೊಳಗಿನ ಹೆದರಿಕೆ. ತಮ್ಮ ಸ್ಟೇರಿಂಗ್ ಹಿಡಿಯಲು ಒಪ್ಪುತ್ತಿರಲಿಲ್ಲ. ನಾನು ಹೊರಟರೆ ಹೆಂಡತಿ ಅಂಗಳದವರೆಗೆ ಬಂದು ನಿಂತು, "ಮುಟ್ಟಿದ ಮೇಲೆ ಫೋನ್ ಮಾಡ್ರಿ" ಅನ್ನುತ್ತಿದ್ದಳು. ಸಾವಿರ ಸಲ ಹೋದ ದಾರಿ ಅದು. ನಾನು ಮೂರು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಹಿಂದಿನ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ. ಮಾರಿಬಿಡು ಅಂದವರು ಬಹಳ. ಮಾರಬಹುದಿತ್ತು. ಕೊಂಡವನು ಅದರಲ್ಲಿ ಯಾರನ್ನು ಕೂರಿಸಿಕೊಂಡು ಹೋಗುತ್ತಾನೋ ಅನ್ನುವ ಯೋಚನೆ ಬಂದು ಸುಮ್ಮನಾದೆ.

ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತು. ಗ್ಯಾರೇಜು ಬಂದ್, ಸ್ಪೇರ್ ಅಂಗಡಿ ಬಂದ್. ರೈತರ ಸಾಮಾನು ಸಾಗಿಸಲು ತಡೆಯಿರಲಿಲ್ಲ, ಆದರೆ ನನ್ನ ಗಾಡಿ ಅಂಗಳದಲ್ಲಿ ನಿಂತಿತ್ತು. ಏಪ್ರಿಲ್ ಬಂತೆಂದರೆ ಶುಂಠಿ ಬಿತ್ತನೆಗೆ ಗೊಬ್ಬರ ಹೊಡೆಯಬೇಕು, ಬೀಜ ತರಬೇಕು. ಬಾಡಿಗೆಗೆ ಬೇರೆ ಗಾಡಿಯೂ ಸಿಗುತ್ತಿರಲಿಲ್ಲ.

ಆಗ ಯಾರೋ ಶಿರಾಳಕೊಪ್ಪದ ಒಬ್ಬ ಹಿರಿಯ ಮಿಸ್ತ್ರಿಯ ನಂಬರ್ ಕೊಟ್ಟರು. ಲಾರಿ ಕೆಲಸದಲ್ಲೇ ಕೂದಲು ನೆರೆಸಿದವರು, ಕಣ್ಣು ಮಂಜಾಗಿ ಕೆಲಸ ಬಿಟ್ಟು ಮನೆಯಲ್ಲಿದ್ದರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಮ್ಮಲ್ಲಿಗೆ ಅವರು ಬರುವಂತಿಲ್ಲ, ಗಾಡಿ ಅವರಲ್ಲಿಗೆ ಹೋಗುವಂತಿಲ್ಲ. ನಾನು ಮೂರು ತಿಂಗಳ ಕಥೆ ಪೂರ್ತಿ ಹೇಳಿದೆ, ಆ ಹುಡುಗನ ಸಂಗತಿಯನ್ನೂ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದರು:

"ತಮ್ಮಾ, ಒಂದು ಕಡೆ ಬಿಸಿನೋ, ಎರಡೂ ಕಡೆನೋ?"

"ಎರಡೂ ಕಡೆ, ಚಾಚಾ."

"ಮುಂದಿನ ಗಾಲಿ?"

"ಮಾಮೂಲಿ."

"ಬೆಳಿಗ್ಗೆ ನೋಡಿದ್ರೆ?"

"ಸಲೀಸಾಗಿ ತಿರುಗ್ತಾವೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ಹಂಗಾದ್ರೆ ರೋಗ ಗಾಲಿ ಹತ್ರ ಇಲ್ಲ. ಇಷ್ಟು ದಿನ ನೀವು ಗಾಲಿ ಹತ್ರಾನೇ ಬಿಚ್ಚೀರಿ. ಎರಡು ಗಾಲಿಗೂ ಕೂಡಿ ಒಂದೇ ಇರೋ ಸಾಮಾನು ಯಾವುದೈತಿ, ಅದನ್ನ ಹುಡುಕಬೇಕು."

ಮೂರು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಸುಟ್ಟದ್ದನ್ನು ಬದಲಿಸುತ್ತ ಹೋದೆವೇ ಹೊರತು, ಎರಡೂ ಕಡೆ ಒಟ್ಟಿಗೆ ಸುಡುತ್ತಿರುವುದೇಕೆ ಅಂತ ನಾನೂ ಕೇಳಿಕೊಂಡಿರಲಿಲ್ಲ. ಅಂಗಡಿ ತೆರೆದಿದ್ದರೆ ಇನ್ನೂ ಒಂದು ಸಾಮಾನು ತಂದು ಹಾಕುತ್ತಿದ್ದೆ, ಖಂಡಿತ.

ಎರಡಕ್ಕೂ ಕೂಡಿ ಇರುವವು ನಾಲ್ಕೇ ಎಂದು ಚಾಚಾ ಫೋನಿನಲ್ಲೇ ಎಣಿಸಿದರು. ಒಂದು, ಹ್ಯಾಂಡ್ ಬ್ರೇಕಿನ ಎಳೆತ. ಎರಡು, ಪೆಡಲಿನ ಮುಂದಿರುವ ಮಾಸ್ಟರ್ ಸಿಲಿಂಡರಿನ ಹಿಂಗಾಲಿ ಭಾಗ. ಮೂರು, ಲೋಡು ನೋಡಿ ಹಿಂದಿನ ಬ್ರೇಕನ್ನು ಹೆಚ್ಚು ಕಡಿಮೆ ಮಾಡುವ ವಾಲ್ವು. ಚಾಸಿಗೂ ಹೌಸಿಂಗಿಗೂ ನಡುವೆ ಅದರ ಕಡ್ಡಿ ಇರುತ್ತದೆ, ಗಾಡಿ ಲೋಡಿಗೆ ಕುಸಿದಷ್ಟೂ ಹಿಂದಿನ ಗಾಲಿಗೆ ಹೆಚ್ಚು ಒತ್ತಡ ಬಿಡುತ್ತದೆ. ನಾಲ್ಕು, ಚಾಸಿಯ ಕಬ್ಬಿಣದ ಪೈಪಿನಿಂದ ಹೌಸಿಂಗಿಗೆ ಇಳಿಯುವ ರಬ್ಬರ್ ಹೋಸ್. ಹೌಸಿಂಗ್ ಮೇಲೆ ಕೆಳಗೆ ಆಡುವುದರಿಂದ ಅಲ್ಲಿ ಕಬ್ಬಿಣ ನಡೆಯುವುದಿಲ್ಲ, ರಬ್ಬರೇ ಬೇಕು. ಅಲ್ಲಿಂದ ಮುಂದೆ ಅದು ಎರಡು ಕವಲಾಗಿ ಎಡಕ್ಕೂ ಬಲಕ್ಕೂ ಹೋಗುತ್ತದೆ.

"ಬಿಸಿ ಇದ್ದಾಗಲೇ ಪರೀಕ್ಷೆ ಮಾಡಬೇಕು. ತಣ್ಣಗಾದ್ರೆ ಅದು ಸುಳ್ಳು ಹೇಳ್ತೈತಿ," ಅಂದರು.

ಮಾರನೇ ದಿನ ಹೊತ್ತು ಮೂಡುವ ಮೊದಲೇ ಶುರು ಮಾಡಿದೆವು. ಖಾಲಿ ಗಾಡಿಯನ್ನು ತೋಟದ ದಾರಿಯಲ್ಲಿ ಹಿಂದೆ ಮುಂದೆ ಓಡಿಸಿ, ಬೇಕೆಂದೇ ಮೂವತ್ತು-ನಲವತ್ತು ಸಲ ಬ್ರೇಕ್ ಹೊಡೆದೆ. ಜಗ್ಗು ಬಂತು. ಅಂಗಳಕ್ಕೆ ತಂದು ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಹಿಂದೆ ಜಾಕ್ ಏರಿಸಿದೆವು. "ಜಾಕ್ ನಂಬಿ ತಲೆ ಒಳಗೆ ಹಾಕಬ್ಯಾಡ್ರಿ" ಅಂತ ಚಾಚಾ ಮೂರು ಸಲ ಹೇಳಿದ್ದರು. ಹೌಸಿಂಗಿನ ಕೆಳಗೆ ಎರಡೂ ಕಡೆ ಹಲಸಿನ ದಿಮ್ಮಿ ಇಟ್ಟೆವು. ಫೋನನ್ನು ಸ್ಪೀಕರಿಗೆ ಹಾಕಿ ಹೆಂಡತಿ ಕೈಯಲ್ಲಿ ಹಿಡಿದು ನಿಂತಳು.

ಗೇರ್ ನ್ಯೂಟ್ರಲ್. ಗಾಲಿ ಹಿಡಿದು ತಿರುಗಿಸಿದರೆ ಅಲುಗಾಡಲಿಲ್ಲ.

"ಹ್ಯಾಂಡ್ ಬ್ರೇಕ್ ಕೇಬಲ್ ಬಿಚ್ಚಿ ಸಡಿಲ ಬಿಡ್ರಿ. ಈಗ?" ಅಲುಗಾಡಲಿಲ್ಲ. ಒಂದು ಹೋಯಿತು.

"ಎಡಗಾಲಿ ಹಿಂದಿನ ಗಾಳಿ ತೆಗೆಯೋ ನಿಪ್ಪಲ್ ಕಾಲು ಸುತ್ತು ಸಡಿಲ ಮಾಡು. ಮುಖ ದೂರ ಇಟ್ಕೋ."

ತಮ್ಮ ಸ್ಪ್ಯಾನರ್ ತಿರುಗಿಸಿದ. ಯಾರೂ ಪೆಡಲ್ ಒತ್ತಿರಲಿಲ್ಲ, ಎಂಜಿನ್ ಬಂದ್ ಆಗಿತ್ತು. ಆದರೂ ಚುಯ್ ಅಂತ ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್ ಪಿಚಕಾರಿಯ ಹಾಗೆ ಹಾರಿ ದಿಮ್ಮಿಗೆ ಬಡಿಯಿತು. ಮರುಕ್ಷಣ ಗಾಲಿ ಸಡಿಲ. ನಾನು ಬಲಗಾಲಿ ಹಿಡಿದೆ, ಅದೂ ಸಡಿಲ. ಎಡಗಡೆ ಬಿಚ್ಚಿದ್ದಕ್ಕೆ ಬಲಗಡೆಯೂ ಬಿಟ್ಟಿತ್ತು.

ಫೋನಿನಿಂದ ಚಾಚಾ ಕೇಳಿದರು: "ಸಪ್ಪಳ ಬಂತಲ್ಲ, ನಂಗೂ ಕೇಳ್ತು. ಈಗ ತಿಳೀತಾ? ಶೂ ತಪ್ಪಿಲ್ಲ, ಸ್ಪ್ರಿಂಗ್ ತಪ್ಪಿಲ್ಲ. ಒತ್ತಡ ಒಳಗೆ ಸಿಕ್ಕೊಂಡೈತಿ, ವಾಪಸ್ ಬರಾಕೆ ದಾರಿ ಇಲ್ಲ."

ಇನ್ನು ಉಳಿದದ್ದು ಆ ದಾರಿ ಎಲ್ಲಿ ಮುಚ್ಚಿದೆ ಅನ್ನುವುದು. ನಿಪ್ಪಲ್ ಬಿಗಿದು, ಆಯಿಲ್ ತುಂಬಿ, ಗಾಡಿ ಇಳಿಸಿ, ಮತ್ತೆ ತೋಟದ ದಾರಿ, ಮತ್ತೆ ನಲವತ್ತು ಬ್ರೇಕು, ಮತ್ತೆ ಜಾಕು, ದಿಮ್ಮಿ. ಈ ಸಲ ನಿಪ್ಪಲ್ ಮುಟ್ಟಲಿಲ್ಲ. ರಬ್ಬರ್ ಹೋಸಿನ ಮೇಲ್ತುದಿ, ಚಾಸಿಯ ಪೈಪಿಗೆ ಸೇರುವ ಕಡೆಯ ನಟ್ ಸಡಿಲ ಮಾಡಿಸಿದರು. ಒತ್ತಡ ಮಾಸ್ಟರ್ ಸಿಲಿಂಡರಿನಲ್ಲೋ ಲೋಡಿನ ವಾಲ್ವಿನಲ್ಲೋ ಸಿಕ್ಕಿಕೊಂಡಿದ್ದರೆ ಇಲ್ಲೇ ಹಾರಬೇಕು, ಗಾಲಿಯೂ ಬಿಡಬೇಕು. ಎರಡು ಹನಿ ತೊಟ್ಟಿಕ್ಕಿತು, ಅಷ್ಟೇ. ಗಾಲಿ ಹಿಡಿದೇ ಇತ್ತು. ಆ ನಟ್ ಬಿಗಿದು, ಗಾಲಿಯ ನಿಪ್ಪಲ್ ಬಿಚ್ಚಿದರೆ ಮತ್ತೆ ಚುಯ್.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಲ್ತುದಿಯಲ್ಲಿ ಒತ್ತಡವಿಲ್ಲ, ಕೆಳಗೆ ಇದೆ. ನಡುವೆ ಇರುವುದು ಒಂದೂವರೆ ಗೇಣು ರಬ್ಬರ್.

ಹೆಂಡತಿ ಹೇಳಿದಳು: "ಅಂದ್ರೆ ಕೂಣಿ ಇದ್ದಂಗೆ." ಮಳೆಗಾಲದ ಮೊದಲಲ್ಲಿ ಹತ್ತುಮೀನಿಗೆ ಅವಳ ತವರಿನ ಹಳ್ಳದಲ್ಲಿ ಬಿದಿರಿನ ಕೂಣಿ ಒಡ್ಡುತ್ತಾರೆ. ನುಗ್ಗಿದ ಮೀನು ಒಳಗೆ ಹೋಗುತ್ತದೆ, ತಿರುಗಿ ಬರಲು ಹೋದರೆ ಕಡ್ಡಿಗಳು ಅಡ್ಡ ನಿಲ್ಲುತ್ತವೆ. ಚಾಚಾ ಅದನ್ನು ಕೇಳಿಸಿಕೊಂಡು, "ತಂಗಿ ಹೇಳಿದ್ದೇ ಸರಿ," ಅಂದರು.

ಅದರ ಒಳಗುಟ್ಟು ಹೀಗೆ. ನಾವು ಕಾಲಿನಿಂದ ಒತ್ತುವಾಗ ಬೂಸ್ಟರಿನ ಬಲವೂ ಸೇರಿ ಆಯಿಲ್ ಮೇಲೆ ಬೀಳುವ ಒತ್ತಡ ಭಾರಿ. ಎಷ್ಟು ಇಕ್ಕಟ್ಟಿನ ದಾರಿಯಾದರೂ ಅದು ನುಗ್ಗಿಕೊಂಡು ಹೋಗುತ್ತದೆ. ಕಾಲು ತೆಗೆದ ಮೇಲೆ ಆಯಿಲನ್ನು ಹಿಂದಕ್ಕೆ ತಳ್ಳಲು ಇರುವುದು ಶೂಗಳ ನಡುವಿನ ಸ್ಪ್ರಿಂಗ್ ಮಾತ್ರ. ಆ ಬಡಪಾಯಿ ಬಲಕ್ಕೆ ಊದಿಕೊಂಡ ರಬ್ಬರಿನ ಬಾಯಿ ತೆರೆಯುವುದಿಲ್ಲ. ರಾತ್ರಿಯಿಡೀ ಹನಿಹನಿಯಾಗಿ ಹಿಂದೆ ಸರಿದು ಬೆಳಿಗ್ಗೆ ಗಾಲಿ ಸಡಿಲವಾಗುತ್ತದೆ. ಗ್ಯಾರೇಜಿನವರು ನೋಡಿದ್ದು ಆ ಬೆಳಗಿನ ಗಾಲಿ. ಹೊಸ ಲೈನರ್ ಸುಟ್ಟದ್ದು, ಸಿಲಿಂಡರಿನ ರಬ್ಬರ್ ಕರಕಲಾದದ್ದು, ಕಾವು ಆಕ್ಸೆಲ್ಲಿನ ತುದಿಗೆ ಏರಿ ಸೀಲ್ ಒಡೆದದ್ದು, ಆಯಿಲ್ ಕುದಿದು ಪೆಡಲ್ ನೆಲ ಮುಟ್ಟಿದ್ದು ಎಲ್ಲಕ್ಕೂ ಅದೇ ಮೂಲ. ಹೊರಗಿನಿಂದ ನೋಡಿದರೆ ಆ ಹೋಸು ಚೆನ್ನಾಗಿಯೇ ಇತ್ತು. ಗ್ರೀಸು, ಮಣ್ಣು ಮೆತ್ತಿಕೊಂಡಿತ್ತು. ಗಾಡಿಯ ಜೊತೆ ಬಂದದ್ದು, 14 ವರ್ಷದ ರಬ್ಬರು.

ತಮ್ಮನಿಗೆ ತಡೆಯಲಾಗಲಿಲ್ಲ. ಪಕ್ಕದೂರಿನಲ್ಲಿ ಗುಜರಿಗೆ ನಿಂತ ಒಂದು ಪಿಕಪ್ ಇತ್ತು, ಅದರಿಂದ ಬಿಚ್ಚಿ ತರುತ್ತೇನೆ ಅಂದ. ಚಾಚಾ ಗದರಿಸಿದರು: "ಸತ್ತ ರಬ್ಬರ್ ತೆಗೆದು ಸಾಯೋ ರಬ್ಬರ್ ಹಾಕ್ತೀಯೇನೋ? ಸುಮ್ಮನಿರು. ಗಾಡಿ ನಿಲ್ಲಿಸು, ಹೊಸದು ಸಿಗೋ ತನಕ ಚಾವಿ ತಂಗಿ ಹತ್ರ ಇರಲಿ." ಚಾವಿ ದೇವರ ಗೂಡಿನಲ್ಲಿ ಉಳಿಯಿತು. ಗೊಬ್ಬರವನ್ನು ಎತ್ತಿನ ಗಾಡಿಯಲ್ಲಿ ಹೊಡೆದೆವು.

ಲಾಕ್‌ಡೌನಿನ ಲೆಕ್ಕದಲ್ಲಿ ಶಿವಮೊಗ್ಗ ಜಿಲ್ಲೆ ಹಸಿರು ವಲಯದಲ್ಲಿತ್ತು. ಮೇ 4ರಿಂದ ಅಂಗಡಿಗಳು ತೆರೆದವು. ಹಿಂದಿನದೊಂದು, ಮುಂದಿನವೆರಡು, ಮೂರೂ ಹೋಸ್ ಬೇಕು ಅಂತ ಚಾಚಾ ಹೇಳಿದ್ದರು. ಒಂದಕ್ಕೆ 14 ವರ್ಷವಾಗಿದ್ದರೆ ಉಳಿದವಕ್ಕೂ ಅಷ್ಟೇ. ಮೂರು ಹೋಸಿಗೂ ಸೇರಿ ಸಾವಿರದ ಒಳಗೆ ಆಯಿತು. ಜೊತೆಗೆ ಒಂದು ಲೀಟರ್ ಹೊಸ ಬ್ರೇಕ್ ಆಯಿಲ್, ಸೀಲ್ ಒಡೆಯದ ಡಬ್ಬಿಯದು.

ಹೋಸ್ ಹಾಕಿದ ಮೇಲೆ ಬ್ರೇಕ್ ಸಾಲಿನೊಳಗಿನ ಗಾಳಿ ತೆಗೆಯುವ ಕೆಲಸಕ್ಕೆ ಒಂದು ಪೂರ್ತಿ ಬೆಳಗು ಹೋಯಿತು. ಎಲ್ಲಕ್ಕಿಂತ ದೂರದ ಹಿಂದಿನ ಎಡಗಾಲಿ ಮೊದಲು, ಆಮೇಲೆ ಬಲಗಾಲಿ, ಕೊನೆಗೆ ಮುಂದಿನವು. ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯ ಆಯಿಲಿನಲ್ಲಿ ಮುಳುಗಿಸಿ ಇಡಬೇಕು. ಹೆಂಡತಿ ಪೆಡಲಿನ ಮೇಲೆ. ತಮ್ಮ ಕೂಗುತ್ತಿದ್ದ, "ಒತ್ತಿ ಹಿಡೀರಿ ಅತ್ತಿಗೆ... ಬಿಗಿದೆ, ಈಗ ಬಿಡಿ." ನನ್ನ ಕೆಲಸ ಮೇಲಿನ ಡಬ್ಬಿ ಖಾಲಿಯಾಗದಂತೆ ತುಂಬುವುದು, ಒಮ್ಮೆ ಖಾಲಿಯಾದರೆ ಮತ್ತೆ ಮೊದಲಿನಿಂದ. ಇಲ್ಲಿ ಚಾಚಾ ಇನ್ನೊಂದು ಮಾತು ಹೇಳಿದರು: ಲೋಡಿನ ವಾಲ್ವು ಇರುವ ಗಾಡಿಯಲ್ಲಿ ಹೌಸಿಂಗನ್ನು ಜೋತುಬಿಟ್ಟು ಗಾಳಿ ತೆಗೆಯಬಾರದು. ಗಾಡಿ ಖಾಲಿ ಅಂದುಕೊಂಡು ವಾಲ್ವು ದಾರಿ ಕಡಿಮೆ ಮಾಡುತ್ತದೆ, ಗಾಳಿ ಪೂರ್ತಿ ಬರುವುದಿಲ್ಲ. ಹಾಗಾಗಿ ಗಾಲಿ ನೆಲದ ಮೇಲೇ ಇಟ್ಟು, ಹಿಂದೆ ಆರು ಚೀಲ ಗೊಬ್ಬರ ಹೇರಿ ಮಾಡಿದೆವು. ಮೊದಲು ಕಪ್ಪು, ಆಮೇಲೆ ಕಂದು, ಗುಳ್ಳೆ ಗುಳ್ಳೆ, ಕೊನೆಗೆ ಜೇನಿನ ಬಣ್ಣದ ತಿಳಿ ಆಯಿಲ್ ಬಂತು.

ತೋಟದ ದಾರಿಯಲ್ಲಿ ಮತ್ತೆ ನಲವತ್ತು ಬ್ರೇಕು. ಅಂಗಳಕ್ಕೆ ಬಂದು ನ್ಯೂಟ್ರಲ್ ಮಾಡಿ ಕಾಲು ತೆಗೆದೆ. ನಮ್ಮ ಅಂಗಳ ಬಾವಿಯ ಕಡೆಗೆ ಸ್ವಲ್ಪ ಓರೆ. ಗಾಡಿ ತಾನಾಗಿಯೇ ಮೆಲ್ಲಗೆ ಉರುಳತೊಡಗಿತು. ಎಷ್ಟೋ ತಿಂಗಳಿಂದ ಅದು ಹಾಗೆ ಉರುಳಿರಲಿಲ್ಲ. ಮೊದಲೆಲ್ಲ ಮಗ ಒಬ್ಬನೇ ನೂಕುತ್ತಿದ್ದ ಗಾಡಿಯನ್ನು ಈಚೆಗೆ ಇಬ್ಬರು ನೂಕಬೇಕಾಗುತ್ತಿತ್ತು, ಡೀಸೆಲ್ ಹೆಚ್ಚು ಕುಡಿಯುತ್ತಿತ್ತು. ಜನವರಿಗೂ ಮೊದಲೇ ಅದು ನನಗೆ ಹೇಳುತ್ತಲೇ ಇತ್ತು.

ಜೂನಿನಲ್ಲಿ ಶಿರಾಳಕೊಪ್ಪಕ್ಕೆ ಹೋಗಿ ಚಾಚಾರನ್ನು ಮೊದಲ ಸಲ ಕಣ್ಣಾರೆ ನೋಡಿದೆ. ಹಳೆಯ ಹೋಸ್ ಒಯ್ದಿದ್ದೆ. ಅವರು ಬೆರಳಿನಿಂದಲೇ ತಡವಿ, ಮೊಮ್ಮಗನ ಕೈಯಲ್ಲಿ ಬ್ಲೇಡು ತರಿಸಿ ಉದ್ದಕ್ಕೆ ಸೀಳಿಸಿದರು. ಒಳಗಿನ ಪದರ ಉಬ್ಬಿ, ತೂತು ಗುಂಡುಸೂಜಿ ತೂರುವಷ್ಟೇ ಉಳಿದಿತ್ತು. ಒಂದು ಕಡೆ ರಬ್ಬರ್ ಎದ್ದು ಕಿರುನಾಲಿಗೆಯಂತೆ ಅಡ್ಡ ನಿಂತಿತ್ತು. ದುಡ್ಡು ಕೊಡಲು ಹೋದರೆ ಕೈ ಹಿಂದೆ ಸರಿಸಿದರು. "ಆ ದನ ಕಾಯೋ ಹುಡುಗನ್ನ ಮತ್ತೆ ನೋಡಿದ್ಯಾ?" ಅಂತ ಕೇಳಿದರು. ನೋಡಿಲ್ಲ ಅಂದೆ. "ಹೋಗಿ ಬಾ," ಅಂದರು.

ಮರುವರ್ಷ ಶುಂಠಿಯ ಹೊತ್ತಿಗೆ ಹೋದೆ. ಅದೇ 20 ಚೀಲ, ಅದೇ ಇಳಿಜಾರು. ತಮ್ಮನೇ ಓಡಿಸುತ್ತಿದ್ದ. ಮೋರಿಯ ಹತ್ತಿರ ನಿಲ್ಲಿಸಿದೆವು. ಹುಡುಗ ಶಾಲೆಗೆ ಹೋಗಿದ್ದಾನೆ ಅಂದಳು ಅವನ ಅಮ್ಮ. ಅವನಿಗೆಂದು ತಂದಿದ್ದ ಬೆಲ್ಲ, ಕಡಲೆ, ಒಂದು ಜೊತೆ ಚಪ್ಪಲಿ ಅವಳ ಕೈಗೆ ಕೊಟ್ಟೆ. ಹೊರಡುವ ಮೊದಲು ಗಾಡಿಯ ಹಿಂದೆ ಹೋಗಿ ಎಡಗಡೆಯ ಡ್ರಮ್ಮಿನ ಮೇಲೆ ಕೈ ಇಟ್ಟೆ, ಆಮೇಲೆ ಬಲಗಡೆಯದರ ಮೇಲೆ. ಎರಡೂ ಉಗುರುಬೆಚ್ಚಗಿದ್ದವು.